ಫ್ಲೆಕ್ಸಿನಡಿಯ ಪುರಾತತ್ವ

ಆಮಂತ್ರಣ ಪತ್ರಿಕೆ ಬಂದದ್ದು ಮಾವನ ವಾಟ್ಸಾಪಿಗೆ. ಮೂರು ಪುಟ. ಮಾವ ನಿವೃತ್ತ ಇತಿಹಾಸ ಮಾಸ್ಟ್ರು. ಕನ್ನಡಕ ಹಣೆಗೆ ಏರಿಸಿ, ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಶಾಸನ ಓದುವವರ ಹಾಗೆ ಗಟ್ಟಿಯಾಗಿ ಓದತೊಡಗಿದರು.

"ಉದ್ಘಾಟಕರು. ದೀಪ ಬೆಳಗುವವರು, ಅವರು ಬೇರೆ ಮಾರಾಯ. ಘನ ಉಪಸ್ಥಿತಿ. ಗೌರವ ಉಪಸ್ಥಿತಿ. ವಿಶೇಷ ಉಪಸ್ಥಿತಿ."

"ಈ ಮೂರಕ್ಕೆ ಎಂತ ವ್ಯತ್ಯಾಸ ಮಾವ?"

"ಘನ ಅಂದ್ರೆ ಸೋಫಾ. ಗೌರವ ಅಂದ್ರೆ ಬಟ್ಟೆ ಹೊದಿಸಿದ ಕುರ್ಚಿ. ವಿಶೇಷ ಅಂದ್ರೆ ಕುರ್ಚಿ ಉಳಿದ್ರೆ."

ಒಟ್ಟು 31 ಹೆಸರು. ಕದ್ರಿ ದೇವಸ್ಥಾನದ ಲೋಕೇಶ್ವರ ಮೂರ್ತಿಯ ಪೀಠದಲ್ಲಿ 968ರಲ್ಲಿ ಶಾಸನ ಬರೆಸಿದ, ತುಳುನಾಡು ಆಳಿದ ಆಳುಪ ಅರಸ ಕುಂದವರ್ಮನಿಗೆ ಸಿಕ್ಕಿದ್ದು ಒಂದು ಪೀಠದಷ್ಟು ಜಾಗ. ಇಲ್ಲಿ ಮೂರು ಪುಟವೂ ಸಾಕಾಗಿರಲಿಲ್ಲ. 32ನೆಯ ಹೆಸರು ಕೊನೆಯ ಪುಟದ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿತ್ತು. ಅದು ಉಪನ್ಯಾಸಕರದ್ದು. ವಿಷಯ, ಪುರಾತತ್ವದ ಇತಿಹಾಸ. ಜೊತೆಗೆ ಅದೇ ವಿಷಯದ ಮೇಲೆ ಚಿತ್ರಪ್ರದರ್ಶನ. ಇಷ್ಟು ಜನ ಸೇರುವುದು ಯಾಕೆ ಅಂತ ನಮಗೆ ಗೊತ್ತಾದದ್ದು ಆ ಸಾಲಿಗೆ ತಲುಪಿದ ಮೇಲೆಯೇ.

ಜಾಗ ಮಂಗಳೂರು. ಸಂಸ್ಥೆಯ ಹೆಸರು ಬೇಡ. ಪತ್ರಿಕೆಯಲ್ಲಿ ಹತ್ತು ಗಂಟೆ ಅಂತ ಇತ್ತು. ಮಾವನಿಗೆ ಹತ್ತು ಅಂದರೆ ಒಂಬತ್ತೂವರೆ. ಬನ್ಸ್ ಮತ್ತು ಚಹಾ ತಯಾರಿತ್ತು. ಬನ್ಸ್ ಒಳ್ಳೆಯದಿತ್ತು, ಇದನ್ನು ಈಗಲೇ ಹೇಳಿಬಿಡುತ್ತೇನೆ.

ಹೇಗೂ ಬೇಗ ಬಂದಿದ್ದೇವೆ, ಪ್ರದರ್ಶನ ನೋಡೋಣ ಅಂತ ಹೋದರೆ ಬಾಗಿಲಿಗೆ ಕೆಂಪು ರಿಬ್ಬನ್. ಕಾವಲಿಗಿದ್ದ ಹುಡುಗ ಪಾಪದವನು. "ಉದ್ಘಾಟನೆ ಆಗದೆ ಯಾರೂ ನೋಡುವ ಹಾಗಿಲ್ಲ ಸರ್" ಅಂದ. "ರಿಬ್ಬನಿನ ಈಚೆ ನಿಂತು ನೋಡಬಹುದಾ?" ಅಂತ ಮಾವ ಕೇಳಿದರು. ಅದಕ್ಕೆ ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಿಂತು ನೋಡಿದೆವು.

ಹತ್ತಿರದ ಫಲಕದಲ್ಲಿದ್ದದ್ದು ರಾಬರ್ಟ್ ಬ್ರೂಸ್ ಫುಟ್. ಭೂಗರ್ಭ ಇಲಾಖೆಯ ಈ ಮನುಷ್ಯನಿಗೆ 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ, ಮುರಕಲ್ಲಿನ ಜಲ್ಲಿ ತೆಗೆಯುವ ಗುಂಡಿಯಲ್ಲಿ, ಒಂದು ಕೈಕೊಡಲಿ ಸಿಕ್ಕಿತು. ನಮ್ಮ ದೇಶದ ಹಳೆ ಶಿಲಾಯುಗದ ಕತೆ ಶುರುವಾದದ್ದೇ ಆ ಗುಂಡಿಯಿಂದ. ನಮ್ಮಲ್ಲೂ ಮುರಕಲ್ಲಿನ ಗುಂಡಿಗೆ ಬರ ಇಲ್ಲ. ಕೆಳಗೆ ಬಗ್ಗಿ ನೋಡುವವರಿಗೆ ಮಾತ್ರ ಬರ. ಆಚೆಯದು ಮಸ್ಕಿ, 1915. ಚಿನ್ನ ಹುಡುಕುತ್ತಾ ಹೋದ ಗಣಿ ಎಂಜಿನಿಯರ್ ಬೀಡನ್ ಸಾಹೇಬರಿಗೆ ಚಿನ್ನದ ಬದಲು ಬಂಡೆಯ ಮೇಲಿನ ಶಾಸನದಲ್ಲಿ ಅಶೋಕ ಸಿಕ್ಕಿದ, ಅದೂ ಹೆಸರು ಸಮೇತ. ಅದರಾಚೆಯದು ಸೌಂಡ್ ಬಾಕ್ಸಿನ ಹಿಂದೆ ಹೋಗಿತ್ತು. ಒಂದು ಮೀಸೆ ಮಾತ್ರ ಕಾಣುತ್ತಿತ್ತು. "ಪುರಾತತ್ವದ ವೀಲರ್ ಸಾಹೇಬರು" ಅಂದರು ಮಾವ, ಮೀಸೆ ನೋಡಿಯೇ.

ಉದ್ಘಾಟಕರು ಬಂದದ್ದು ಹನ್ನೆರಡೂ ಹತ್ತಕ್ಕೆ. ರಿಬ್ಬನ್ ಕತ್ತರಿಸಿ ಒಳಗೆ ನಡೆದರು. ಫೋಟೋದವರು ಅವರ ಮುಂದೆ ಹಿಂದು ಹಿಂದಾಗಿ ನಡೆದರು. 18 ಫಲಕ, ಒಂದೂವರೆ ನಿಮಿಷ. ಒಂದೇ ಕಡೆ ನಿಂತರು, ಮೀಸೆಯ ಹತ್ತಿರ.

"ಇವರು ಬಂದಿದ್ದಾರಾ?"

"ಇಲ್ಲ ಸರ್, 1976ರಲ್ಲಿ ತೀರಿಹೋದರು."

"ಛೆ. ಇಲ್ಲದಿದ್ದರೆ ಒಂದು ಶಾಲು ಹೊದಿಸಬಹುದಿತ್ತು."

ಆಮೇಲೆ ವೇದಿಕೆ. ಪ್ರಾರ್ಥನೆ, ಸ್ವಾಗತ, ದೀಪ. ದೀಪಕ್ಕೆ ಫ್ಯಾನಿನ ಗಾಳಿ, ಫ್ಯಾನ್ ನಿಲ್ಲಿಸಿದರೆ ಗಣ್ಯರಿಗೆ ಸೆಕೆ. ಗ್ಯಾಸ್ ಲೈಟರಿನಲ್ಲಿ ನಾಲ್ಕು ಸಲ ಹಚ್ಚಿ, ಐದನೇ ಸಲ ಹಚ್ಚಿದ ಹಾಗೆ ಫೋಟೋ ತೆಗೆದರು. ಸನ್ಮಾನ ಶುರುವಾಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪ್ರತಿಯೊಬ್ಬರಿಗೂ "ಇವರನ್ನು ಪರಿಚಯಿಸುವ ಅಗತ್ಯವೇ ಇಲ್ಲ" ಅಂತ ಹೇಳಿ ಐದು ನಿಮಿಷ ಪರಿಚಯಿಸಿದರು.

ಅದೇ ಫ್ಯಾನಿನ ಗಾಳಿಗೆ ವೇದಿಕೆಯ ಹಿಂದಿನ ಫ್ಲೆಕ್ಸಿನ ಒಂದು ಮೂಲೆ ಬಿಟ್ಟುಕೊಂಡಿತು. ಫ್ಲೆಕ್ಸ್ ಅಂದರೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧವಾದ ವಸ್ತು. ಕಾನೂನಿನ ಪ್ರಕಾರ ಇತಿಹಾಸ ಸೇರಿದ್ದು. ಹಾಗಾಗಿ ಪುರಾತತ್ವದ ಕಾರ್ಯಕ್ರಮಕ್ಕೆ ಸರಿಯಾಗಿಯೇ ಇತ್ತು. ಮೂಲೆ ಮಡಚಿದಾಗ ಅಡಿಯಲ್ಲಿ ಇನ್ನೊಂದು ಫ್ಲೆಕ್ಸ್ ಕಂಡಿತು. ರಕ್ತದಾನ ಶಿಬಿರದ್ದು. ಅದರ ಅಡಿಯಲ್ಲಿ ತಾಳಮದ್ದಳೆ ಸಪ್ತಾಹದ್ದು. ಅದಕ್ಕೂ ಅಡಿಯಲ್ಲಿ ಬರೀ "ಹಾರ್ದಿಕ" ಅಂತ ಇತ್ತು, ಯಾಕೆ ಹಾರ್ದಿಕ ಅಂತ ಕಾಣಲಿಲ್ಲ. ಹಳೆಯದನ್ನು ತೆಗೆಯುವ ಕೆಲಸ ಯಾರಿಗೆ ಬೇಕು, ಮೇಲಿಂದಲೇ ಹೊಡೆಯುವುದು.

ಮಾವನ ಕಣ್ಣು ಅರಳಿತು. 1947ರಲ್ಲಿ ವೀಲರ್ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಗೆದಾಗ ಮಾಡಿದ್ದು ಇದನ್ನೇ ಅಲ್ವಾ. ಮಣ್ಣಿನ ಪದರ ಪದರ ಬಿಡಿಸಿ ನೋಡುವುದು. ಗುಂಡಿಯ ಗೋಡೆಯಲ್ಲಿ ಪದರಕ್ಕೊಂದು ಚೀಟಿ ಸಿಕ್ಕಿಸುವುದು. ಕೆಳಗಿನದು ಹಳೆಯದು, ಮೇಲಿನದು ಹೊಸತು.

"ಸರಿಯಾಗಿ ನೋಡು" ಅಂತ ಮಾವ ಪಿಸುಗುಟ್ಟಿದರು. "ಮೇಲಿನ ಮೂರೂ ಪದರದಲ್ಲಿ ಕೈಮುಗಿದು ನಿಂತವರು ಒಬ್ಬರೇ."

ಹೌದು. ಸೋಫಾದಲ್ಲಿ ಕೂತವರೇ. ಒಂದೇ ತಕರಾರು. ಕೆಳಗಿನ ಪದರದಲ್ಲಿ ತಲೆ ನರೆತಿತ್ತು, ನಡುವಿನದರಲ್ಲಿ ಅರ್ಧ ಕಪ್ಪು, ಮೇಲಿನದರಲ್ಲಿ ಪೂರ್ತಿ ಕಪ್ಪು. "ವೀಲರ್ ಇದ್ದಿದ್ರೆ ತಲೆ ಕೆಡ್ತಿತ್ತು" ಅಂದರು ಮಾವ.

ಉಪನ್ಯಾಸಕರಿಗೆ ಮೈಕು ಸಿಕ್ಕಿದಾಗ ಒಂದೂ ಇಪ್ಪತ್ತು. ಸಾಂಬಾರಿನ ಪರಿಮಳ ಆಗಲೇ ಸಭೆಗೆ ಬಂದಾಗಿತ್ತು. ವಯಸ್ಸಾದವರು, ಬಿಳಿ ಅಂಗಿ, ಕೈಯಲ್ಲಿ ನಲ್ವತ್ತು ಪುಟ ಟೈಪು ಮಾಡಿದ್ದು. ಸಭೆ ನೋಡಿದರು. ನಲ್ವತ್ತು ಪುಟವನ್ನೂ ಮಡಚಿ ಚೀಲಕ್ಕೆ ಹಾಕಿದರು. ಬಾಯಿಯಲ್ಲೇ ಶುರು ಮಾಡಿದರು.

"ನಾನು ಕಸದ ಗುಂಡಿಯ ಬಗ್ಗೆ ಹೇಳುತ್ತೇನೆ."

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಅಂತ ಹಳೆ ಪಟ್ಟಣ. ಅದರ ಕಸದ ದಿಬ್ಬವನ್ನು 1896ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಂತ ಇಬ್ಬರು ಅಗೆಯತೊಡಗಿದರು. ಸಿಕ್ಕಿದ್ದು ಚಿನ್ನ ಅಲ್ಲ, ಬಿಸಾಡಿದ ಪಪೈರಸ್ ಕಾಗದ. ಲೆಕ್ಕ, ರಶೀದಿ, ಜಗಳದ ಪತ್ರ. ಅದರ ನಡುವೆ ಒಂದು ಗ್ರೀಕ್ ಪ್ರಹಸನ. ನಮ್ಮ ದೇಶದ ಯಾವುದೋ ಕಡಲ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿ, ಅರಸನಿಗೆ ಕುಡಿಸಿ ಅವಳನ್ನು ಬಿಡಿಸುವ ಅಣ್ಣ. ಜೊತೆಗೊಬ್ಬ ವಿದೂಷಕ, ಅವನ ಆಯುಧ ಹೂಸು. ಈ ಮಾತಿಗೆ ಹಿಂದಿನ ಸಾಲು ಎಚ್ಚರವಾಯಿತು.

"ಅರಸನ ಕಡೆಯವರು ಏನೋ ಅರ್ಥವಾಗದ ಭಾಷೆ ಮಾತಾಡುತ್ತಾರೆ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್ ಇದು ಕನ್ನಡ ಅಂದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೂ ಕನ್ನಡವೇ ಅಂತ ಓದಿದರು. ಅಲ್ಲ, ತುಳು ಅಂದವರಿದ್ದಾರೆ. ಎರಡೂ ಅಲ್ಲ ಅಂದವರೂ ಇದ್ದಾರೆ. ಆ ತೀರ ನಮ್ಮ ಮಲ್ಪೆಯೇ ಅಂದವರೂ ಇದ್ದಾರೆ. ಕನ್ನಡ ಅಂತ ಓದಿದ ಒಂದು ಸಾಲು ಹೀಗಿದೆ. ಬೇರೆ ಕೊಂಚ ಮಧು..."

ಅಷ್ಟರಲ್ಲಿ ಚೀಟಿ ಬಂತು. ಅವರು ಚೀಟಿ ಬಿಡಿಸಿದರು. ಅಭ್ಯಾಸಬಲ, ಗಟ್ಟಿಯಾಗಿಯೇ ಓದಿದರು. "ದಯವಿಟ್ಟು ಮುಗಿಸಿ. ಊಟಕ್ಕೆ ತಡವಾಗುತ್ತಿದೆ." ಹಿಂದೆ ಮುಂದೆ ತಿರುಗಿಸಿ ನೋಡಿದರು. "ಲಿಪಿ ಸ್ಪಷ್ಟ. ಭಾಷೆ ಕನ್ನಡ. ಇದರಲ್ಲಿ ಭಿನ್ನಾಭಿಪ್ರಾಯ ಇಲ್ಲ" ಅಂದು ಕೂತುಬಿಟ್ಟರು. ಎಂಟು ನಿಮಿಷ. ವಂದನಾರ್ಪಣೆ ಹನ್ನೊಂದು ನಿಮಿಷ.

ಊಟವಾದ ಮೇಲೆ ಉಳಿದ ಫಲಕ ನೋಡಲು ಹೋದೆವು. ಬೀಗ. ಕೀಲಿ ಉದ್ಘಾಟಕರ ಹಿಂದೆ ಹೋದ ಯಾರದೋ ಕಿಸೆಯಲ್ಲಿತ್ತಂತೆ. ಸಭೆಯಲ್ಲಿ ಗುಡಿಸುವಾಕೆ ಚೀಟಿ, ಹೂವಿನ ಎಸಳು, ಕಾಗದದ ಲೋಟ ಎಲ್ಲ ಒಂದೇ ಗೋಣಿಗೆ ತುಂಬುತ್ತಿದ್ದಳು. ಅದು ಹೋಗುವುದು ಪಚ್ಚನಾಡಿಗೆ. ಇದೇ ಕಸದ ಗುಡ್ಡ 2019ರ ಮಳೆಗೆ ಜಾರಿ ಮಂದಾರ ಅನ್ನುವ ಊರಿನ ಮನೆ ತೋಟ ಮುಚ್ಚಿದ್ದು.

"ಆ ಚೀಟಿ ಎರಡು ಸಾವಿರ ವರ್ಷ ಉಳಿಯುತ್ತದಾ ಮಾವ?"

"ಹೋಗಾ. ಈಜಿಪ್ಟಿನಲ್ಲಿ ಮಳೆ ಇಲ್ಲ, ಕಾಗದ ಉಳಿಯಿತು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ. ಆಳುಪರಿಗೆ ಗೊತ್ತಿತ್ತು. ಬೆಳ್ಮಣ್ಣಿನ ಶಾಸನ ತಾಮ್ರದಲ್ಲಿ ಬರೆಸಿದರು, 8ನೇ ಶತಮಾನದ್ದು ಇವತ್ತಿಗೂ ಉಂಟು. ನಮ್ಮವರಿಗೂ ಗೊತ್ತುಂಟು." ಮಾವ ವೇದಿಕೆ ಕಡೆ ನೋಡಿದರು. "ಆ ಫ್ಲೆಕ್ಸ್ ಕರಗುವ ಜಾತಿಯದ್ದಲ್ಲ."

ಹಾಗೆ ಹೇಳಿ, ನೇರ ಹೋಗಿ, ಸಭಾಭವನದವನ ಹತ್ತಿರ ಮೇಲಿನ ಫ್ಲೆಕ್ಸ್ ಕೇಳಿ ತೆಗೆದುಕೊಂಡರು. ನನಗೆ ನಾಚಿಕೆ ಆಯಿತು. ಅವರಿಗೆ ಮಳೆಗಾಲಕ್ಕೆ ಸೌದೆ ಮುಚ್ಚಬೇಕಿತ್ತು.

ಈಗ ಅದು ನಮ್ಮ ಹಿತ್ತಲಲ್ಲಿದೆ. 31 ಹೆಸರಿಗೂ ಒಂದು ಗೆರೆ ಹೋಗಿಲ್ಲ. ಕೈಮುಗಿದವರ ತಲೆ ಇನ್ನೂ ಕಪ್ಪಗಿದೆ. ಉಪನ್ಯಾಸಕರ ಹೆಸರು ಮೂಲೆಯಲ್ಲಿತ್ತಲ್ಲ, ಹಗ್ಗ ಕಟ್ಟುವ ತೂತು ಸರಿಯಾಗಿ ಅಲ್ಲೇ ಬಿದ್ದಿದೆ. ಮಾವ ಅದರ ಪಕ್ಕದಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿದ್ದಾರೆ: "ಇಲ್ಲಿ ಮೂರು ಅಕ್ಷರ ಸವೆದಿವೆ."