ಕೇಬಲ್ ಬಿಲ್ಲಿನ ₹130 ‘ಟಿವಿ ತೆರಿಗೆ’ ಅಲ್ಲ

‘ಬಿಲ್ಲಿನಲ್ಲಿರುವ ₹130 ದೂರದರ್ಶನಕ್ಕೆ ಹೋಗುವ ಟಿವಿ ತೆರಿಗೆ. ಡಿಡಿ ನೋಡದವರು ಕೊಡಬೇಕಿಲ್ಲ.’ ಶಿರಸಿಯ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಮೊನ್ನೆ ಬಂದ ಮೆಸೇಜು ಇದು. ಅತ್ತೆ ಧಾರಾವಾಹಿ ಮಧ್ಯೆ ಜಾಹೀರಾತು ಬಂದ ಹೊತ್ತಲ್ಲಿ ಕನ್ನಡಕ ಏರಿಸಿಕೊಂಡು, ಬಿಲ್ಲು ಹಿಡಿದು ಕೇಳಿದರು, “ಹೌದೇನೋ ಇದು?”

ಅಲ್ಲ. ಅದು ನೆಟ್‌ವರ್ಕ್ ಕೆಪಾಸಿಟಿ ಫೀ. ಚಾನೆಲ್‌ಗಳನ್ನು ಮನೆ ತನಕ ತಲುಪಿಸಿದ್ದಕ್ಕೆ ಕೇಬಲ್ ಅಥವಾ ಡಿಟಿಎಚ್‌ನವರು ತೆಗೆದುಕೊಳ್ಳುವ ದುಡ್ಡು. ಬಿಲ್ಲಿನಲ್ಲಿ ತೆರಿಗೆ ಅಂತ ಇರುವುದು ಅದರ ಮೇಲಿನ ಜಿಎಸ್‌ಟಿ ಮಾತ್ರ. ಮನೆಯ ಟಿವಿಗೆ ಲೈಸೆನ್ಸ್ ಶುಲ್ಕ ಕಟ್ಟುವ ಪದ್ಧತಿ 1985ರಲ್ಲೇ ಹೋಯಿತು. ಅಜ್ಜನ ಕಾಲದ ರೇಡಿಯೋ ಲೈಸೆನ್ಸ್ ಪುಸ್ತಕ ನಮ್ಮ ಅಟ್ಟದಲ್ಲಿ ಇನ್ನೂ ಇದೆ, ಅಂಚೆ ಕಚೇರಿಯ ಮುದ್ರೆ ಸಮೇತ. ಬಹುಶಃ ಅಂಥ ನೆನಪಿನಿಂದಲೇ ಈ ಸುದ್ದಿ ಹುಟ್ಟಿತೇನೋ.

ಇನ್ನೊಂದು ಮಾತು. ಈ ಫೀಗೆ ₹130 ಮಿತಿ ಹಾಕಿದ್ದು ಕೇಬಲ್, ಡಿಟಿಎಚ್ ದರಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್, ನಿಜ. ಆದರೆ 2024ರ ಜುಲೈನಲ್ಲಿ ಟ್ರಾಯೇ ಆ ಮಿತಿ ತೆಗೆದಿದೆ. ಹಾಗಾಗಿ ಜಾಸ್ತಿ ತೆಗೆದುಕೊಂಡರು ಅಂತ ಕೇಬಲ್ ಹುಡುಗನ ಹತ್ತಿರ ಸುಮ್ನೆ ಜಗಳ ಬೇಡ.

ಡಿಡಿ ಚಂದನದಂಥ ಚಾನೆಲ್‌ಗಳಿಗೆ ಬೇರೆ ಬೆಲೆ ಇಲ್ಲ. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಗೆ ಕೇಂದ್ರ ಸರ್ಕಾರದ ಅನುದಾನ, ಜಾಹೀರಾತು, ಅದರದೇ ಉಚಿತ ಡಿಟಿಎಚ್ ಆದ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಹರಾಜಾಗುವ ಜಾಗ, ಇವುಗಳಿಂದ ಹಣ ಬರುತ್ತದೆ. ಅತ್ತೆಯ ಧಾರಾವಾಹಿ ನಡೆಯುವುದು ಮುಖ್ಯವಾಗಿ ಜಾಹೀರಾತಿನಿಂದ, ಜೊತೆಗೆ ಚಾನೆಲ್‌ಗೆ ನಾವು ಬೇರೆಯಾಗಿ ಕೊಡುವ ಬೆಲೆಯಿಂದ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ ಎಂದೆ.

“ಹನ್ನೆರಡೇ?” ಎಂದು ಅತ್ತೆ ಗಡಿಯಾರ ನೋಡಿದರು.