ಸಾವಿಲ್ಲದ ಖಾತೆದಾರರು

ಸಾವಿಲ್ಲದ ಮನೆಯ ಸಾಸಿವೆಗಾಗಿ ಬೀದಿಬೀದಿ ಅಲೆದ ಕಿಸಾಗೋತಮಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಯಾವುದಾದರೊಂದು ನಾಡಕಚೇರಿಯ ದಾರಿಯನ್ನು ಯಾರೂ ತೋರಿಸಲಿಲ್ಲವೆಂದು ಕಾಣುತ್ತದೆ. ಅಲ್ಲಿ ನಾಲ್ಕು ಪಹಣಿ ತೆಗೆಸಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ಓದಿದ್ದರೆ, ತಿಥಿಯೂಟ ಉಂಡವರೂ ತೀರಿಕೊಂಡು ಎಷ್ಟೋ ಕಾಲವಾದ ಮೇಲೆಯೂ ಮೂರೆಕರೆ ಹದಿನೆಂಟು ಗುಂಟೆಯನ್ನು ಬಿಗಿಯಾಗಿ ಹಿಡಿದು ಕುಳಿತಿರುವ ತಾತಂದಿರು ಅವಳಿಗೆ ಸಾಲುಸಾಲಾಗಿ ಸಿಗುತ್ತಿದ್ದರು. ಈ ತಾತಂದಿರಿಗೆ ಬೆಳೆ ಸಾಲ ಸಿಗುವುದಿಲ್ಲ, ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿಯೂ ಬರುವುದಿಲ್ಲ. ಆದರೂ ಅವರು ಜಮೀನು ಬಿಡುವುದಿಲ್ಲ.

ಕೋಲಾರ ಜಿಲ್ಲೆಯಂಥ ಜಿಲ್ಲೆಯೇ 2007ರಲ್ಲಿ ಭಾಗವಾಗಿ, ಚಿಕ್ಕಬಳ್ಳಾಪುರವು ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರುಗಳನ್ನು ಕಟ್ಟಿಕೊಂಡು ಬೇರೆ ಸಂಸಾರ ಹೂಡಿತು. ಆ ಪಾಲಿಗೆ ವಂಶವೃಕ್ಷವನ್ನು ಯಾರೂ ಕೇಳಲಿಲ್ಲ. ತಾತನ ಮೂರೆಕರೆ ಮಾತ್ರ ಇನ್ನೂ ಒಟ್ಟು ಕುಟುಂಬದಲ್ಲೇ ಇದೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮು, ವಾರಸಿನಿಂದ ಹಕ್ಕು ಬಂದವನು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕೆಂದು ಹೇಳುತ್ತದೆ. ಮೂರು ತಿಂಗಳಲ್ಲಿ ನಮ್ಮ ಜನ ತಾತನ ಫೋಟೋಗೆ ಚೌಕಟ್ಟು ಹಾಕಿಸುವುದೇ ಹೆಚ್ಚು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು ಎನ್ನುವುದು 1969ರ ಇನ್ನೊಂದು ಕಾಯ್ದೆಯ ನಿಯಮ. ಹೆಣ ಹೊತ್ತ ನಾಲ್ವರ ಸಾಕ್ಷ್ಯ ಕಚೇರಿಗೆ ಸಾಲುವುದಿಲ್ಲ. ಸರ್ಕಾರ ಹಳ್ಳಿಹಳ್ಳಿಗೂ ಪೌತಿ ಖಾತೆಯ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ, ಆಂದೋಲನವನ್ನು ಒಯ್ದು, ದಯವಿಟ್ಟು ನಿಮ್ಮ ತಾತ ಸತ್ತಿದ್ದಾರೆಂದು ಒಪ್ಪಿಕೊಳ್ಳಿ ಎಂದು ಬೇಡಿಕೊಳ್ಳುವ ಸ್ಥಿತಿ ಬಂದಿದೆ.

ಇದೆಲ್ಲ ಸೋಮಾರಿತನವೆಂದು ತಿಳಿಯುವವರು ನಮ್ಮ ಜನರ ಬುದ್ಧಿಗೆ ಅನ್ಯಾಯ ಮಾಡುತ್ತಾರೆ. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಮಕ್ಕಳೆಲ್ಲರ ಹೆಸರು ಬೇಕು, ಮಕ್ಕಳೆಲ್ಲ ಎಂದರೆ ಶಿಡ್ಲಘಟ್ಟಕ್ಕೆ ಕೊಟ್ಟ ಅತ್ತೆಯೂ ಸೇರುತ್ತಾಳೆ. ಕಾಗದದ ಮೇಲೆ ತಾತ ಸತ್ತ ಗಳಿಗೆಯಲ್ಲೇ ಅತ್ತೆ ಹುಟ್ಟುತ್ತಾಳೆ. ಹೀಗಾಗಿ ತಾತನನ್ನು ಬದುಕಿಸಿಕೊಳ್ಳುವುದೇ ಕ್ಷೇಮ.

ಅತ್ತೆಯ ಹಕ್ಕು ನಿನ್ನೆ ಮೊನ್ನೆಯದಲ್ಲ. ಉಯಿಲು ಬರೆಯದೆ ಸತ್ತ ತಂದೆಯ ಪಾಲಿನಲ್ಲಿ ಮಗಳು ಮೊದಲ ದರ್ಜೆಯ ವಾರಸುದಾರಳೆಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಮಗನಿಗೆ ಸಮನಾದ ಹಕ್ಕು ಅವಳಿಗಿದೆಯೆಂದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಸಾರಿತು. ಅಂದು ತಂದೆ ಬದುಕಿದ್ದಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಪಾಲನ್ನು ಮಾತ್ರ ಕೆದಕುವಂತಿಲ್ಲ. ಊರಿನ ಹಿರಿಯರಿಗೆ ಈ ಕೊನೆಯ ವಾಕ್ಯವೊಂದೇ ಕೇಳಿಸಿದಂತಿದೆ. ಯಾರ ನೆನಪಿನಲ್ಲೂ ಇಲ್ಲದ ಪಾಲು ಪಾರೀಖತ್ತುಗಳು, ಅಂದರೆ ಆಸ್ತಿ ಹಂಚಿಕೊಂಡ ಪತ್ರಗಳು, ಅಟ್ಟದಿಂದ ಇಳಿದು ಬರತೊಡಗಿದವು. ತಾರೀಖು ತೊಂಬತ್ತರ ದಶಕದ್ದು, ಮಡಿಕೆಗಳು ಹಳೆಯವು, ಶಾಯಿಯೊಂದು ಮಾತ್ರ ವಯಸ್ಸಿಗೆ ಮೀರಿದ ಲವಲವಿಕೆಯದು. ನೋಂದಣಿಯಾದ ಪತ್ರವೋ ನ್ಯಾಯಾಲಯದ ಡಿಕ್ರಿಯೋ ಇರಬೇಕು, ಬಾಯಿಮಾತಿನ ಪಾಲನ್ನು ತೀರಾ ಅಪರೂಪಕ್ಕೆ, ಸಾರ್ವಜನಿಕ ದಾಖಲೆಯ ಬೆಂಬಲವಿದ್ದರಷ್ಟೇ ಒಪ್ಪಬಹುದು ಎಂದು ಅದೇ ತೀರ್ಪು ಹೇಳಿರುವುದನ್ನು ಈ ಹಿರಿಯರಿಗೆ ಓದಿ ಹೇಳುವವರಿಲ್ಲ.

ಪಾರೀಖತ್ತು ಹುಟ್ಟಿಸಲಾರದ ಮನೆಯವರು ವಂಶವೃಕ್ಷಕ್ಕೇ ಕತ್ತರಿ ಹಾಕುತ್ತಾರೆ. ಇಷ್ಟು ಜನರ ಹೊರತು ಬೇರೆ ವಾರಸುದಾರರಿಲ್ಲವೆಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದರೆ, ವರ್ಷವರ್ಷವೂ ಗೌರಿ ಹಬ್ಬಕ್ಕೆ ಬಾಗಿನ ಪಡೆದ ಅತ್ತೆ ಹುಟ್ಟಿಯೇ ಇರಲಿಲ್ಲವೆಂದಾಗುತ್ತದೆ. ಬಾಗಿನಕ್ಕೆ ರಸೀದಿ ಇಲ್ಲದಿರುವುದು ಅಣ್ಣತಮ್ಮಂದಿರ ಪುಣ್ಯ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿತು, ನಂದಿಬೆಟ್ಟದ ತಪ್ಪಲಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಗುಂಟೆಯ ಬದಲು ಚದರಡಿಯಲ್ಲಿ ಅಳೆಯುವವರು ಬಂದರು, ಅವರ ಹಿಂದೆಯೇ ಬೆಂಗಳೂರಿನ ವಕೀಲರು ಬಂದರು. ಜಿಲ್ಲೆಯಲ್ಲಿ ಸ್ತ್ರೀಯರ ಆಸ್ತಿಹಕ್ಕನ್ನು ಮನಃಪೂರ್ವಕ ನಂಬುವ ಏಕೈಕ ಪುರುಷ ಈ ಕೊಳ್ಳುವವನ ವಕೀಲ. ಮುಂದೆ ದಾವೆ ಬಿದ್ದರೆ ತನ್ನ ಕಕ್ಷಿದಾರನ ಬಡಾವಣೆ ನಿಲ್ಲುತ್ತದೆಂಬ ಒಂದೇ ಭಯದಿಂದ ಅವನು ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳನ್ನು ಜಾಲಾಡಿ, ಮದುವೆಯ ಕರೆಯೋಲೆಗಳನ್ನೂ ಬಿಡದೆ ಕೇಳಿ, ಅಣ್ಣಂದಿರು ಮರೆತ ತಂಗಿಯನ್ನು ಪತ್ತೆಹಚ್ಚುತ್ತಾನೆ. ಅವಳ ಸಹಿ ಇಲ್ಲದೆ ಮುಂಗಡದ ಚೆಕ್ಕು ಬರೆಯುವುದಿಲ್ಲ.

ಆಗ ಶಿಡ್ಲಘಟ್ಟಕ್ಕೆ ಕಾರು ಹೋಗುತ್ತದೆ. ಅತ್ತೆಗೆ ರೇಷ್ಮೆ ಸೀರೆ (ರೇಷ್ಮೆ ಗೂಡಿನ ಊರಿಗೇ ರೇಷ್ಮೆ ಸೀರೆ ಒಯ್ಯುವ ಔದಾರ್ಯ ಇದು), ಎಲೆಯಡಿಕೆ, ಹಳೆಯ ನೆನಪುಗಳು, ತಾಯಿ ಸಾಯುವಾಗ ನಿನ್ನನ್ನೇ ಕರೆದಳು ಎಂಬ ಒಂದು ಮಾತು. ಹಕ್ಕು ಬಿಡುಗಡೆ ಪತ್ರದ ಕರಡು ಕಾರಿನ ಡ್ಯಾಷ್‌ಬೋರ್ಡಿನಲ್ಲಿರುತ್ತದೆ: ತವರಿನವರು ಮದುವೆಯಲ್ಲಿ ಸಾಕಷ್ಟು ಕೊಟ್ಟಿರುವುದರಿಂದಲೂ, ಈಗ ಅರಿಶಿನ ಕುಂಕುಮಕ್ಕೆಂದು ಅಲ್ಪ ಮೊತ್ತವನ್ನು ಪಡೆದಿರುವುದರಿಂದಲೂ, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಹಕ್ಕು ಬಿಟ್ಟಿರುತ್ತಾಳೆ. ಚದರಡಿಯ ಲೆಕ್ಕ ಅತ್ತೆಗೆ ಗೊತ್ತಿಲ್ಲವೆಂದೇ ಎಲ್ಲರ ನಂಬಿಕೆ. ಆದರೆ ಕಾಲೇಜು ಓದುವ ಅವಳ ಮಗಳ ಮೊಬೈಲಿನಲ್ಲಿ ಭೂಮಿ ತಂತ್ರಾಂಶದ ಪಹಣಿ ಮೂರು ತಿಂಗಳಿಂದ ತೆರೆದೇ ಇದೆ.

ವಿಷಯ ಹೀಗೆ ಕೈತಪ್ಪಿದ ಮೇಲೆ ದೊಡ್ಡಪ್ಪನವರು ತಾಲ್ಲೂಕು ಕಚೇರಿಯ ಮುಂದಿನ ನೋಟರಿಯ ಮೇಜಿಗೆ ಮರಳುತ್ತಾರೆ. ಬೇರೆ ವಾರಸುದಾರರು ಇಲ್ಲವೆಂದು ಪ್ರಮಾಣ ಮಾಡಿದ್ದ ಅದೇ ಮೇಜಿನಲ್ಲಿ, ಈ ಕೆಳಗೆ ಸಹಿ ಮಾಡಿರುವವಳು ತಮ್ಮ ಒಡಹುಟ್ಟಿದ ತಂಗಿಯೆಂದೂ, ಇದು ತಿಳಿದಮಟ್ಟಿಗೆ ನಿಜವೆಂದೂ ಮತ್ತೆ ಪ್ರಮಾಣ ಮಾಡುತ್ತಾರೆ. ನೋಟರಿಯವರು ಕಣ್ಣೆತ್ತದೆ ಮೊಹರು ಒತ್ತುತ್ತಾರೆ. ಎರಡಕ್ಕೂ ಶುಲ್ಕ ಒಂದೇ.