ಅವ್ವನ ಫೋನಿಗೆ ಇಯರ್‌ಫೋನ್ ಇಲ್ಲ

ಪುಣೆಯ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ನಾಲ್ಕು ಜನ ನಾಲ್ಕು ಕಡೆ ಕೂತಿರುತ್ತೇವೆ. ಎಲ್ಲರ ಕೈಯಲ್ಲೂ ಫೋನು, ಕಿವಿಯಲ್ಲಿ ಇಯರ್‌ಫೋನು. ಹಾಲ್‌ನಲ್ಲಿರುವ ದೊಡ್ಡ ಟಿವಿ ಕ್ರಿಕೆಟ್ ಇದ್ದಾಗ ಮಾತ್ರ ಹತ್ತುತ್ತದೆ. ಮಗ ಏನು ನೋಡಿ ನಗುತ್ತಿದ್ದಾನೆ ಅಂತ ನನಗೆ ಗೊತ್ತಾಗುವುದಿಲ್ಲ.

ಅದೇ ಹೊತ್ತಿಗೆ ಕಲಬುರಗಿಯ ಬ್ರಹ್ಮಪುರದಲ್ಲಿ ಅವ್ವ ತನ್ನ ಫೋನನ್ನು ತಂಬಿಗೆಗೆ ಆನಿಸಿ ಇಡುತ್ತಾಳೆ. ಪಕ್ಕದ ಮನೆಯ ಕಾಕು, ಎದುರುಮನೆಯ ಹುಡುಗಿ ಬಂದು ಕೂಡುತ್ತಾರೆ. "ಜರಾ ಸೌಂಡ್ ಹೆಚ್ಚ ಮಾಡ್ರಿ" ಅಂತ ಹಿಂದಿನಿಂದ ಒಬ್ಬರು ಕೂಗುತ್ತಾರೆ. ಅಂಗೈಯಗಲದ ಪರದೆಗೆ ಐದು ಜನ! ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ನೋಡಿದ್ದು ಇದು. ಫೋನು ಅಲ್ಲಿಯೂ ಅದೇ, ಇಲ್ಲಿಯೂ ಅದೇ. ಹಾಗಾದರೆ ಮನೆಮಂದಿಯನ್ನು ಫೋನೇ ಬೇರೆ ಮಾಡಿತು ಅಂತ ನಾನು ಇಷ್ಟು ದಿನ ದೂರಿದ್ದು ಸರಿಯೇ?

ನಮ್ಮ ಭಾಗಕ್ಕೆ ಟಿವಿ ಬಂದದ್ದೇ ಕೂಡಿ ನೋಡುವುದಕ್ಕೆ. 1975ರ ಆಗಸ್ಟ್‌ನಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಶುರುವಾಯಿತು. ಸೈಟ್ ಅಂತ ಅದರ ಹೆಸರು. ಉಪಗ್ರಹ ಅಮೆರಿಕದ್ದು, ಎಟಿಎಸ್-6. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸೆಟ್ ಇಟ್ಟರು. ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ, 10 ಅಡಿ ಅಗಲದ ಛತ್ರಿಯಂಥ ಆಂಟೆನಾ. ಊರಿಗೆಲ್ಲ ಒಂದೇ ಸೆಟ್ಟು. ನಮ್ಮಪ್ಪ ಬೇಸಾಯದ ಕಾರ್ಯಕ್ರಮ ನೋಡುತ್ತಾ ಪಕ್ಕದಲ್ಲಿ ಕೂತವರ ಜೊತೆ ಅಲ್ಲೇ ವಾದಕ್ಕೆ ಇಳಿಯುತ್ತಿದ್ದರಂತೆ. ವರ್ಷ ಮುಗಿದ ಮೇಲೆ ಅಮೆರಿಕ ಉಪಗ್ರಹವನ್ನು ವಾಪಸ್ ಕರೆಸಿಕೊಂಡಿತು. 1977ರಲ್ಲಿ ಗುಲ್ಬರ್ಗದಲ್ಲೇ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ.

ಡಿಜಿಟಲ್ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ಕೇಬಲ್ಲಿನಲ್ಲಿ ಜಾಗ ಕಮ್ಮಿ. ಪುಣೆಯಲ್ಲಿ ನಮ್ಮ ಕೇಬಲ್‌ನವನು ಅದನ್ನೆಲ್ಲ ಮರಾಠಿಗೆ, ಹಿಂದಿಗೆ ಕೊಟ್ಟುಬಿಡುತ್ತಿದ್ದ. ಕನ್ನಡ ಕೇಳಿದರೆ, ಯಾರು ನೋಡ್ತಾರೆ ಸಾಹೇಬ್ ಅನ್ನುತ್ತಿದ್ದ. ಡಿಜಿಟಲ್ ಆದ ಮೇಲೆ ಒಂದು ಚಾನೆಲ್ಲಿನ ಜಾಗದಲ್ಲಿ ಹಲವು ಚಾನೆಲ್ ಹಿಡಿಸಿದವು. 2019ರಲ್ಲಿ ಬೇಕಾದ ಚಾನೆಲ್ ನಾವೇ ಆರಿಸಿಕೊಳ್ಳುವ ನಿಯಮವೂ ಬಂತು. ಅವತ್ತು ಮನೆಯಲ್ಲಿ ಒಂದೊಂದೇ ಕನ್ನಡ ಚಾನೆಲ್ ಹಚ್ಚಿ ನೋಡಿದ ಖುಷಿ ಇನ್ನೂ ನೆನಪಿದೆ.

ಆದರೆ ಅಲ್ಲಿನ ಧಾರಾವಾಹಿಗಳ ಕನ್ನಡ ಬಹುಪಾಲು ಬೆಂಗಳೂರು, ಮೈಸೂರು ಕಡೆಯದು. ನಮ್ಮ ಮಾತು ಬಂದರೆ ನಗಿಸುವ ಪಾತ್ರದ ಬಾಯಲ್ಲಿ ಬರುತ್ತಿತ್ತು. ಅದು ನೋವಾಗುತ್ತಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು ನೋಡಿ, ಆಮೇಲೆ ನಮ್ಮ ಕಡೆಯ ಹುಡುಗರು ಹೊಲದ ಬದುವಿನಲ್ಲಿ ನಿಂತು, ಫೋನಿನಲ್ಲೇ ಶೂಟ್ ಮಾಡಿ ಯೂಟ್ಯೂಬಿಗೆ ಹಾಕತೊಡಗಿದರು. ಅವ್ವ ಮೊದಲ ಸಲ ಅಂಥದ್ದನ್ನು ನೋಡಿ, "ಇವ್ರು ನಮ್ಮಂಗೇ ಮಾತಾಡ್ಲತ್ತಾರ ನೋಡಪ್ಪ" ಅಂದಳು. ಇಷ್ಟು ವರ್ಷ ಟಿವಿ ನೋಡಿದವಳು ಅವಳು.

ಅದಕ್ಕೇ ಈ ಇಯರ್‌ಫೋನ್ ನನ್ನನ್ನು ಚುಚ್ಚುತ್ತದೆ. ಊರಲ್ಲಿ ಅದರಿಂದ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಬಾಗಿಲು ದಾಟಿದರೆ ಬೀದಿ ತುಂಬ ಕನ್ನಡವಿದೆ. ಹೊರನಾಡಿನಲ್ಲಿ ನಮಗೆ ಇರುವುದು ಮನೆಯೊಂದೇ ಅಲ್ವಾ? ನಾನು ಕನ್ನಡ ನೋಡುತ್ತೇನೆ, ಹೆಂಡತಿಯೂ ನೋಡುತ್ತಾಳೆ. ಮಕ್ಕಳ ಕಿವಿಗೆ ಮಾತ್ರ ಒಂದು ಪದವೂ ಬೀಳುತ್ತಿರಲಿಲ್ಲ. ಹಿಂದೆ ಟಿವಿ ಸುಮ್ನೆ ಮೂಲೆಯಲ್ಲಿ ಮಾತಾಡುತ್ತಿದ್ದಾಗ, ಹೋಂವರ್ಕ್ ಮಾಡುತ್ತಲೇ ಅವರು ಎಷ್ಟೋ ಕಲಿತಿದ್ದರು.

ಈಗ ಭಾನುವಾರ ರಾತ್ರಿ ಒಬ್ಬರ ಫೋನಿನಿಂದ ದೊಡ್ಡ ಟಿವಿಗೆ ಹಚ್ಚುತ್ತೇವೆ. ಸರದಿ ಪ್ರಕಾರ ಒಬ್ಬರು ಆರಿಸಬೇಕು. ಮಗ ಅರ್ಧಕ್ಕೇ ಎದ್ದು ಹೋಗುತ್ತಾನೆ, ಇನ್ನೂ ಅವನನ್ನು ಕೂರಿಸಲು ಆಗಿಲ್ಲ. ಮಗಳು ಕೂಡುತ್ತಾಳೆ. ಹೋದ ವಾರ ಜೋಳದ ರಾಶಿಯ ವಿಡಿಯೋದಲ್ಲಿ ಒಬ್ಬಾಕೆ "ಲಗೂನ ಬಾ" ಅಂದದ್ದು ಕೇಳಿ, "ಅಜ್ಜಿನೂ ಹಿಂಗೇ ಅಂತಾಳಲ್ವಾ" ಅಂದಳು. ಅಲ್ಲೇ ಫೋನ್ ಹಚ್ಚಿದಳು. ಅವ್ವ ಎತ್ತಿದವಳೇ, "ತಡಿ, ಸೌಂಡ್ ಹೆಚ್ಚ ಮಾಡ್ತೀನಿ, ಇಲ್ಲಿ ಎಲ್ಲಾರೂ ಕುಂತಾರ" ಅಂದಳು.